ಹೆಸರಿನ ಜಾಗದಲ್ಲಿ

ಮಲ್ಪೆ ಬಂದರಿನ ಮೀನು ಮಾರಾಟ ಸಂಘದ ಮಾಳಿಗೆಯಲ್ಲಿ
ಮೂರು ದಿನಕ್ಕೆ ನನಗೊಂದು ಕುರ್ಚಿ, ಒಂದು ಟೇಬಲ್ ಫ್ಯಾನು,
ತೊಂಬತ್ತು ದಿನದ ಲಾಗು.
ಡೀಸೆಲ್ ಸಬ್ಸಿಡಿಯ ಕಡತವನ್ನು ಯಾರೋ
ಹೊತ್ತಲ್ಲದ ಹೊತ್ತಿನಲ್ಲಿ ತೆರೆದಿದ್ದಾರಂತೆ.
ಯಾರು, ಎಷ್ಟು ಗಂಟೆಗೆ, ಯಾವ ಯಂತ್ರದಿಂದ,
ಅಷ್ಟು ಹೇಳಿದರೆ ಸಾಕು ಎಂದರು ಕಾರ್ಯದರ್ಶಿ.
ಯಾಕೆ ಎಂಬ ಕಾಲಮ್ಮು ಲಾಗಿನಲ್ಲಿ ಇರುವುದಿಲ್ಲ.
ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲು ಗಡಿಯಾರ ನೋಡಿದೆ:
ಸರ್ವರು ಲೋಕಕ್ಕಿಂತ ಏಳು ನಿಮಿಷ ಹಿಂದೆ.
ಪ್ರತಿ ಸಾಲಿಗೂ ಏಳು ಕೂಡಿಸುತ್ತಾ ಇಳಿದೆ.
ರಾತ್ರಿ ಎರಡಕ್ಕೆ ಬ್ಯಾಕಪ್ಪು ಎದ್ದು
ಹನ್ನೊಂದು ನಿಮಿಷ ದುಡಿದು ಮಲಗುತ್ತದೆ.
ಮೂರೂವರೆಗೆ ತೂಕದ ಪ್ರೋಗ್ರಾಮು ಎದ್ದು
ಪ್ರಿಂಟರನ್ನು ಕರೆಯುತ್ತದೆ; ಪ್ರಿಂಟರು ಓಗೊಡುವುದಿಲ್ಲ;
ಮತ್ತೆ ಕರೆಯುತ್ತದೆ, ಮೂವತ್ತು ಸೆಕೆಂಡಿಗೊಮ್ಮೆ,
ಬೇಸರವಿಲ್ಲದೆ, ಬಯ್ಯದೆ,
ಯಾರಾದರೂ ಬಂದು ಸ್ವಿಚ್ಚು ಒತ್ತುವವರೆಗೆ.

ಒತ್ತುವವರು ಗುಲಾಬಿ ತಿಂಗಳಾಯ, ಎರಡನೇ ಕೌಂಟರು.
ನಾಲ್ಕು ಐವತ್ತು, ನಾಲ್ಕು ಐವತ್ತೊಂದು, ನಾಲ್ಕು ನಲವತ್ತೊಂಬತ್ತು.
ಒಂದೇ ಒಂದು ದಿನ ಐದು ಹತ್ತು.
ಆಮೇಲೆ ಹತ್ತು ಗಂಟೆಯವರೆಗೂ ಬೂತಾಯಿ, ಬಂಗುಡೆ, ಬೂತಾಯಿ,
ನಡುವೆ ಒಮ್ಮೆ ಅಂಜಲ್, ಮತ್ತೆ ಬೂತಾಯಿ.

ಡೀಸೆಲ್ಲಿನ ಸಂಗತಿ ಮೊದಲ ದಿನವೇ ಮುಗಿಯಿತು:
ಕಡತ ತೆರೆದದ್ದು ವೈರಸ್ ಹುಡುಕುವ ಪ್ರೋಗ್ರಾಮು,
ರಾತ್ರಿ ಪಾಳಿಯ ಕಾವಲುಗಾರನ ಹಾಗೆ
ಒಂದೊಂದೇ ಬೀಗ ಎಳೆದು ನೋಡಿ ಹೋಗಿದೆ.

ಎರಡನೇ ದಿನ, ಒಳಬರಲಾಗದವರ ಪಟ್ಟಿ.
ಅಲ್ಲೊಂದು ಸಾಲು:
ಬಳಕೆದಾರ, ಬೇಗಬಲ೨೩. ಇಂಥವರು ಯಾರೂ ಇಲ್ಲ.
ಐದು ಸೆಕೆಂಡು ಬಿಟ್ಟು ಅದೇ ಯಂತ್ರದಿಂದ
ಗುಲಾಬಿ ತಿಂಗಳಾಯ. ಸ್ವಾಗತ.

ನಮ್ಮ ಕಸುಬಿನವರು ಇದನ್ನು ಎಷ್ಟೋ ಕಂಡಿದ್ದೇವೆ.
ಅವಸರದ ಬೆರಳು ಒಂದು ಪೆಟ್ಟಿಗೆ ಮೇಲೆ ಇಳಿದರೆ
ಪಾಸ್‌ವರ್ಡು ಹೆಸರಿನ ಜಾಗದಲ್ಲಿ ಬೀಳುತ್ತದೆ,
ಚುಕ್ಕಿಯ ಸೆರಗಿಲ್ಲದೆ.

ಬೇಗ ಬಲ. ತುಳುವಿನಲ್ಲಿ, ಬೇಗ ಬಾ.
ಐಸಿನ ಲಾರಿಗೆ ಹೇಳಿದ್ದೋ,
ಆರರ ಕಾಪು ಬಸ್ಸಿಗೋ, ಯಾರಿಗೋ.
ಆದರೆ ಇಪ್ಪತ್ತಮೂರು ಯಾಕೆ?
ಸಂಘದ ನಿಯಮ ಬರೆದುಕೊಟ್ಟದ್ದೇ ನಾನು:
ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡು ಬದಲಿಸತಕ್ಕದ್ದು.
ಬದಲಿಸಲು ಮನಸ್ಸಿಲ್ಲದವರು
ಕೊನೆಯಲ್ಲೊಂದು ಅಂಕಿ ಏರಿಸುತ್ತಾರೆ.
ಇಪ್ಪತ್ತಮೂರು ತೊಂಬತ್ತಲೆ.
ಕ್ಯಾಲ್ಕುಲೇಟರು ಬೇಕಿರಲಿಲ್ಲ, ಆದರೂ ತೆರೆದೆ.
ಎರಡು ಸಾವಿರದ ಎಪ್ಪತ್ತು ದಿನ.
ಅದಕ್ಕೂ ಏಳು ನಿಮಿಷ ಕೂಡಿಸಬೇಕು.

ಹೇಳಲೇಬೇಕಿತ್ತು, ಕೆಳಗಿಳಿದೆ.
ಉಪ್ಪುಗಾಳಿ ತಿಂದ ಕೀಬೋರ್ಡಿಗೆ ಪ್ಲಾಸ್ಟಿಕ್ಕು ಹೊದಿಸಿ
ಅವರು ಟೋಕನ್ ಹರಿಯುತ್ತಿದ್ದರು.
“ಗುಲಾಬಿಯಕ್ಕ, ಪಾಸ್‌ವರ್ಡು ಬದಲಿಸಿ.
ಹೊಸದು ಹಳೆಯದರ ಹಾಗೆ ಇರಬಾರದು.”
ನನ್ನ ಮುಖ ನೋಡಿದರು,
ತಕ್ಕಡಿಯ ಮುಳ್ಳು ನಿಲ್ಲುವವರೆಗೂ ನೋಡುವ ಹಾಗೆ.
“ಸ್ವಲ್ಪವೂ ಹೋಲಬಾರದಾ?”
“ಹೋಲಬಾರದು.”
“ಹಾಗಾದರೆ ಏನಂತ ಬರೆಯುವುದು?”
ನನ್ನನ್ನಲ್ಲ, ಟೋಕನ್ ಪುಸ್ತಕವನ್ನು ಕೇಳಿದರು.

ಮೂರನೇ ದಿನ, ನಾಲ್ಕು ಐವತ್ತು.
ಪಾಸ್‌ವರ್ಡು ಬದಲಾಗಿದೆ.
ಏನೆಂದು ಯಂತ್ರಕ್ಕೂ ಗೊತ್ತಿಲ್ಲ;
ಅದು ಅರೆದು ಹಿಟ್ಟು ಮಾಡಿ ಇಟ್ಟುಕೊಳ್ಳುತ್ತದೆ,
ಹಿಟ್ಟಿನಿಂದ ಅಕ್ಕಿ ಮರಳಿ ಆಗುವುದಿಲ್ಲ.

ವರದಿಯಲ್ಲಿ ಬರೆದೆ: ಆಕ್ಷೇಪಣೆ ಏನೂ ಇಲ್ಲ.
ಆ ಸಾಲು ಇನ್ನು ಹನ್ನೆರಡು ದಿನಕ್ಕೆ ತಾನಾಗಿ ಅಳಿಯುತ್ತದೆ.
ಅದಕ್ಕಿಂತ ಹೆಚ್ಚು ದಿನ ಉಳಿಯುವುದು ನನ್ನದು:
ಪರಿಶೋಧಕ, ಮಾಳಿಗೆಯ ಯಂತ್ರ,
ಒಂದೇ ಕಡತ ಹನ್ನೊಂದು ಸಲ ತೆರೆದದ್ದು,
ಕೊನೆಯ ಸಲ ಇಪ್ಪತ್ತು ನಿಮಿಷ
ಯಾವ ಕೀಲಿಯನ್ನೂ ಒತ್ತದೆ ಕೂತದ್ದು.
ಮುಂದೆ ಈ ಕುರ್ಚಿಗೆ ಬರುವವರು
ಏಳು ಕೂಡಿಸಿ ಓದಿಕೊಳ್ಳಲಿ.